ಸೂಜಿಮೊನೆಯಿಂದ ಮೆಣಸಿನ ನೀರಿನವರೆಗೆ

ಪುಸ್ತಕದ ಮೊದಲ ಅವಲೋಕನವೇ ಸೂಜಿಯ ಮೊನೆ. ಚಿತ್ರದ ವಿವರಣೆಯನ್ನು ಮರೆಮಾಡಿ ಯಾರ ಮುಂದಾದರೂ ಹಿಡಿದು ನೋಡಿ, ಸೂಜಿ ಎಂದು ಹೇಳುವವರು ಸಿಗುವುದು ಕಷ್ಟ. ತುದಿ ಮುರಿದ ಮೂಲಂಗಿ ಎಂದಾರು, ಮಳೆಯಲ್ಲಿ ನೆಂದ ಗೂಟ ಎಂದಾರು. ಮೈತುಂಬ ಗುಳಿ, ಗೀರು, ಉಬ್ಬು. ತುದಿಯಂತೂ ಚೂಪು ಎಂದು ಕರೆಯಲು ನಾಚಿಕೆಯಾಗುವಷ್ಟು ಮೊಂಡು. ಅದೇ ಹಾಳೆಯಲ್ಲಿ ಇನ್ನೊಂದು ಚಿತ್ರವಿದೆ. ಅಂಚು ಹರಿದ, ಒರಟೊರಟಾದ ಕಪ್ಪು ಕಲೆ. ಅದು ಅಚ್ಚಾದ ಪುಟವೊಂದರ ಪೂರ್ಣವಿರಾಮ.

1665ರಲ್ಲಿ ಲಂಡನ್ನಿನಲ್ಲಿ ಹೊರಬಂದ ಈ ಪುಸ್ತಕದ ಹೆಸರು ‘ಮೈಕ್ರೋಗ್ರಾಫಿಯಾ’. ಬರೆದವನು ರಾಬರ್ಟ್ ಹುಕ್. ಆಗ ಅವನಿಗಿನ್ನೂ 29 ವರ್ಷ.

ದಿನಬಳಕೆಯ ವಸ್ತುವೊಂದನ್ನು ತೀರಾ ಹತ್ತಿರದಿಂದ ಫೋಟೊ ತೆಗೆದು ‘ಇದೇನು ಹೇಳಿ ನೋಡೋಣ’ ಎಂದು ಕೇಳುವ ಆಟ ಇವತ್ತು ಎಲ್ಲರಿಗೂ ಗೊತ್ತು. ಮಕ್ಕಳ ಪುರವಣಿಯಲ್ಲಿ ಅದಕ್ಕೊಂದು ಮೂಲೆಯಿರುತ್ತದೆ, ಮೊಬೈಲಿನಲ್ಲಿ ಹರಿದಾಡುವ ಚಿತ್ರಗಳಲ್ಲೂ ಇರುತ್ತದೆ. ಹಲ್ಲುಜ್ಜುವ ಬ್ರಷ್ಷು ಕಾಡಿನಂತೆ ಕಾಣುತ್ತದೆ, ಬೆಂಕಿಕಡ್ಡಿಯ ತಲೆ ಯಾವುದೋ ಗ್ರಹದಂತೆ. ಉತ್ತರ ತಿಳಿದ ಮೇಲೆ ‘ಅಯ್ಯೋ ಇಷ್ಟೇನಾ’ ಎಂದು ಪುಟ ತಿರುಗಿಸುತ್ತೇವೆ. ಆದರೆ ಜೀವಕೋಶವೂ ಬ್ಯಾಕ್ಟೀರಿಯವೂ ಮನುಷ್ಯನ ಕಣ್ಣಿಗೆ ಮೊಟ್ಟಮೊದಲು ಬಿದ್ದದ್ದು ಇಂಥದೇ ನೋಟದಲ್ಲಿ. ಒಂದು ಸೀಸೆಯ ಬಿರಡೆಯಲ್ಲಿ ಕಂಡಿತು, ಇನ್ನೊಂದು ಅಡುಗೆಮನೆಯ ಕರಿಮೆಣಸಿನಲ್ಲಿ. ಎರಡೂ ಸಲ ನೋಡುತ್ತಿದ್ದವನು ಹುಡುಕಿದ್ದೇ ಬೇರೆ, ಸಿಕ್ಕಿದ್ದೇ ಬೇರೆ.

ಹುಕ್ ಇಂಗ್ಲೆಂಡಿನ ದಕ್ಷಿಣಕ್ಕಿರುವ ವೈಟ್ ದ್ವೀಪದವನು, ಪಾದ್ರಿಯೊಬ್ಬನ ಮಗ. 1662ರ ನವೆಂಬರಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವನನ್ನು ಪ್ರಯೋಗಗಳ ಮೇಲ್ವಿಚಾರಕನನ್ನಾಗಿ ನೇಮಿಸಿಕೊಂಡಿತು. ಹುದ್ದೆಯ ಹೆಸರು ದೊಡ್ಡದು, ಕೆಲಸ ಕತ್ತೆಯದು. ಸಭೆ ಸೇರಿದಾಗಲೆಲ್ಲ ಹೊಸ ಪ್ರಯೋಗ ಮಾಡಿ ತೋರಿಸಬೇಕು. 1663ರ ವಸಂತದಲ್ಲಿ ಅದರ ಮೇಲೆ ಇನ್ನೊಂದು ಹೊರೆ ಬಿತ್ತು: ಪ್ರತಿ ಸಭೆಗೂ ಸೂಕ್ಷ್ಮದರ್ಶಕದಲ್ಲಿ ಕಂಡ ಹೊಸ ಸಂಗತಿ ಒಂದಾದರೂ ತರಬೇಕು. ವಾರವಾರ ಅಂಕಣ ಬರೆಯುವವರಿಗೆ ಈ ಪಾಡು ಚೆನ್ನಾಗಿ ಅರ್ಥವಾಗುತ್ತದೆ. ಅಪರೂಪದ್ದನ್ನು ಹುಡುಕಿಕೊಂಡು ಹೋಗಲು ಪುರಸೊತ್ತೆಲ್ಲಿ? ಕೈಗೆ ಸಿಕ್ಕಿದ್ದನ್ನೇ ಹುಕ್ ಮಸೂರದ ಕೆಳಗಿಟ್ಟ. ಪಾಚಿ, ಬೂಷ್ಟು, ಮರಳು, ಇದ್ದಿಲು, ಬಟ್ಟೆಯ ಚೂರು, ಕೂದಲು, ಮೀನಿನ ಹುರುಪೆ, ನೊಣದ ಕಾಲು, ವಿನೆಗರಿನೊಳಗಿನ ಹುಳ. ಆ ಪಟ್ಟಿಯನ್ನೇ ಮುಂದೆ ಪುಸ್ತಕ ಮಾಡಿದಾಗ ಅವಲೋಕನಗಳ ಸಂಖ್ಯೆ 60 ಆಯಿತು, ಚಿತ್ರಫಲಕಗಳು 38.

ಸೂಜಿಯಿಂದಲೇ ಶುರು ಮಾಡಿದ್ದಕ್ಕೆ ಅವನ ಬಳಿ ಒಂದು ವಾದವಿತ್ತು. ರೇಖಾಗಣಿತ ಬಿಂದುವಿನಿಂದ ಆರಂಭವಾಗುತ್ತದೆ, ಹಾಗಾದರೆ ನಾನೂ ಕಣ್ಣಿಗೆ ಬಿಂದುವಿನಂತೆ ಕಾಣುವ ವಸ್ತುವಿನಿಂದಲೇ ಆರಂಭಿಸುತ್ತೇನೆ ಎಂಬುದು. ಮೊನೆಯಾದ ಮೇಲೆ ಗೆರೆ, ಅದಕ್ಕೆ ಕ್ಷೌರದ ಕತ್ತಿಯ ಅಲಗು. ಚೆನ್ನಾಗಿ ಮಸೆದ ಕತ್ತಿ ಅವನ ಮಸೂರದಡಿ ಗೀರುಗೀರಾಗಿ, ಅಲ್ಲಲ್ಲಿ ಹಲ್ಲು ಬಿದ್ದು, ಇದರಿಂದಲೇ ಗಡ್ಡ ಹೆರೆಯುತ್ತಾರೆಯೇ ಎಂದು ದಿಗಿಲಾಗುವಂತೆ ಕಂಡಿತು. ಗೆರೆಯಾದ ಮೇಲೆ ಹರವು, ಅದಕ್ಕೆ ನಯವಾದ ನಾರುಬಟ್ಟೆ ಮತ್ತು ರೇಷ್ಮೆ. ಮನುಷ್ಯ ಮಾಡಿದ್ದು ಹಿಗ್ಗಿಸಿದಷ್ಟೂ ಒರಟು, ಪ್ರಕೃತಿ ಮಾಡಿದ್ದು ಹಿಗ್ಗಿಸಿದಷ್ಟೂ ಅಂದ ಎಂದು ಹುಕ್ ತೀರ್ಮಾನಿಸಿದ. ಇದರಲ್ಲಿ ಅವನ ಕಾಲದ ದೈವಭಕ್ತಿಯ ಪಾಲೂ ಇದೆ. ಇವತ್ತಿನ ಸಿಲಿಕಾನ್ ಚಿಪ್ಪೊಂದನ್ನು ಅವನ ಮುಂದಿಟ್ಟಿದ್ದರೆ ಆ ಮಾತನ್ನು ಅಷ್ಟು ಗಟ್ಟಿಯಾಗಿ ಬರೆಯುತ್ತಿರಲಿಲ್ಲವೇನೋ.

ಹುಕ್ ಎಂದರೆ ಎಲ್ಲರೂ ಬಿರಡೆಯ ಕತೆ ಹೇಳುತ್ತಾರೆ. ಅದಕ್ಕೆ ಬರುತ್ತೇನೆ. ಆದರೆ ನನ್ನ ಲೆಕ್ಕದಲ್ಲಿ ಆ ಪುಸ್ತಕದ ತಿರುಳಿರುವುದು ಮುನ್ನುಡಿಯಲ್ಲಿ, ಬೆಳಕಿನ ಬಗ್ಗೆ ಅವನು ತೋಡಿಕೊಂಡ ಪೇಚಾಟದಲ್ಲಿ. ಮಸೂರದಡಿ ಕಾಣುವುದು ಉಬ್ಬೋ ತಗ್ಗೋ ಹೇಳುವುದು ಬಲು ಕಷ್ಟ, ಕಪ್ಪಗಿರುವುದು ನೆರಳೋ ಕಲೆಯೋ ತಿಳಿಯದು, ಬೆಳ್ಳಗಿರುವುದು ಬಣ್ಣವೋ ಹೊಳಪೋ ಗೊತ್ತಾಗದು ಎನ್ನುತ್ತಾನೆ. ಉದಾಹರಣೆಗೆ ನೊಣದ ಕಣ್ಣು. ಒಂದು ಬೆಳಕಿನಲ್ಲಿ ಅದು ತೂತು ತೂತಾದ ಜಾಲರಿ. ನೇರ ಬಿಸಿಲಿನಲ್ಲಿ ಚಿನ್ನದ ಮೊಳೆ ಹೊಡೆದ ಹಲಗೆ. ಇನ್ನೊಂದು ಕೋನದಲ್ಲಿ ಸಾಲು ಸಾಲು ಪಿರಮಿಡ್ಡು, ಮತ್ತೊಂದರಲ್ಲಿ ಶಂಕುಗಳು. ಕಣ್ಣು ಒಂದೇ, ಚಿತ್ರ ನಾಲ್ಕು. ಹೀಗಾಗಿ ಹಲವು ಬೆಳಕಿನಲ್ಲಿ, ಹಲವು ಭಂಗಿಯಲ್ಲಿ ನೋಡಿ ನಿಜವಾದ ಆಕಾರ ಖಾತ್ರಿಯಾಗುವವರೆಗೂ ಚಿತ್ರ ಬರೆಯುತ್ತಿರಲಿಲ್ಲ ಎಂದು ಹುಕ್ ಹೇಳಿಕೊಂಡಿದ್ದಾನೆ.

ಒಗಟಿನ ಫೋಟೊಗಳಲ್ಲಿ ನಾವು ಮೋಸ ಹೋಗುವುದೂ ಇಲ್ಲಿಯೇ. ಬೆಳಕು ಮೇಲಿನಿಂದ ಬೀಳುತ್ತದೆ ಎಂದು ನಮ್ಮ ಮಿದುಳು ಮೊದಲೇ ನಂಬಿಕೊಂಡಿದೆ, ಸೂರ್ಯನ ಕೆಳಗೆ ಬಾಳಿದ ಪ್ರಾಣಿಯಲ್ಲವೇ. ಮೇಲಂಚು ಬೆಳಗಿದ್ದು ಕೆಳಗೆ ನೆರಳಿದ್ದರೆ ಉಬ್ಬು ಎನ್ನುತ್ತದೆ, ತಿರುಗಾಮುರುಗಾ ಇದ್ದರೆ ಗುಳಿ ಎನ್ನುತ್ತದೆ. ಚಂದ್ರನ ಕುಳಿಗಳ ಫೋಟೊವನ್ನು ತಲೆಕೆಳಗು ಮಾಡಿ ಹಿಡಿದರೆ ಕುಳಿಗಳೆಲ್ಲ ಬೊಬ್ಬೆಗಳಾಗಿ ಎದ್ದು ನಿಲ್ಲುವುದು ಇದೇ ಕಾರಣಕ್ಕೆ. ಫೋಟೊ ತೆಗೆದವನು ದೀಪವನ್ನು ಪಕ್ಕಕ್ಕೋ ಕೆಳಕ್ಕೋ ಸರಿಸಿದರೆ ಸಾಕು, ಹೊಲಿಗೆಯ ಬೆರಳುಟೋಪಿ ಹಲಸಿನಕಾಯಿಯಾಗಿಬಿಡುತ್ತದೆ. ತೀರಾ ಹತ್ತಿರದ ಫೋಟೊದಲ್ಲಿ ಸ್ಪಷ್ಟವಾಗಿ ಕಾಣುವ ಆಳ ಕೂದಲೆಳೆಯಷ್ಟು, ಅದರ ಹಿಂದೆ ಮುಂದೆ ಎಲ್ಲ ಮಂಜು. ವಸ್ತುವಿನ ಅಂಚು ಚೌಕಟ್ಟಿನಲ್ಲೇ ಇರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಎಷ್ಟು ದೊಡ್ಡದು ಎಂಬುದೇ ತಿಳಿಯುವುದಿಲ್ಲ.

ಈ ಕೊನೆಯ ತೊಂದರೆಗೆ ಹುಕ್ ಕಂಡುಕೊಂಡ ಉಪಾಯ ಸೊಗಸಾಗಿದೆ. ಒಂದು ಕಣ್ಣಿನಿಂದ ಸೂಕ್ಷ್ಮದರ್ಶಕದೊಳಗೆ ನೋಡುತ್ತ ಇನ್ನೊಂದು ಕಣ್ಣನ್ನು ತೆರೆದೇ ಇಟ್ಟುಕೊಂಡು, ಅದರಿಂದ ಅಷ್ಟೇ ದೂರದಲ್ಲಿಟ್ಟ ಅಳತೆಪಟ್ಟಿಯನ್ನು ನೋಡುವುದು. ಎರಡು ನೋಟವೂ ಒಂದರ ಮೇಲೊಂದು ಕೂತಾಗ, ಹಿಗ್ಗಿದ ಚಿತ್ರ ಪಟ್ಟಿಯ ಎಷ್ಟು ಗೆರೆಗಳನ್ನು ಮುಚ್ಚುತ್ತದೆಂದು ಎಣಿಸಿದರಾಯಿತು. ಹತ್ತು ನಿಮಿಷ ಹಾಗೆ ಕೂತರೆ ತಲೆ ಸಿಡಿಯುತ್ತದೆ, ಆದರೆ ಲೆಕ್ಕ ಸಿಗುತ್ತದೆ. ಬೆಳಕಿಗೂ ಒಂದು ಏರ್ಪಾಟು ಮಾಡಿಕೊಂಡಿದ್ದ. ಎಣ್ಣೆದೀಪ, ಅದರ ಮುಂದೆ ನೀರು ತುಂಬಿದ ಗಾಜಿನ ಬುರುಡೆ, ಅದರ ಮುಂದೊಂದು ಮಸೂರ. ದೀಪದ ಬೆಳಕೆಲ್ಲ ಒಟ್ಟಾಗಿ ನೋಡಬೇಕಾದ ಚುಕ್ಕೆಯ ಮೇಲೆ ಬೀಳುತ್ತಿತ್ತು. ಮೋಡ ಮುಚ್ಚಿದ ಲಂಡನ್ನಿನಲ್ಲಿ ಬಿಸಿಲನ್ನೇ ನಂಬಿ ಕೂತಿದ್ದರೆ ವಾರದ ಸಭೆಗೆ ಬರಿಗೈಯಲ್ಲಿ ಹೋಗಬೇಕಾಗುತ್ತಿತ್ತು. ನೋಡಿಸಿಕೊಳ್ಳಲು ಒಪ್ಪದೆ ಓಡುವ ಜೀವಿಗಳದು ಇನ್ನೊಂದು ರಗಳೆ. ಇರುವೆಯೊಂದು ಸುಮ್ಮನೆ ನಿಲ್ಲದಿದ್ದಾಗ ಹುಕ್ ಅದನ್ನು ಮದ್ಯದಲ್ಲಿ ಮುಳುಗಿಸಿ ತೆಗೆದ. ಅಮಲು ಇಳಿಯುವ ತನಕ ಅದು ಸತ್ತಂತೆ ಬಿದ್ದಿದ್ದು, ಆಮೇಲೆ ಎದ್ದು ಓಡಿತು. ಅಷ್ಟರೊಳಗೆ ಚಿತ್ರ ಮುಗಿದಿತ್ತು.

ಬಿರಡೆಯ ಸರದಿ ಬಂದದ್ದು 1663ರ ಏಪ್ರಿಲಿನಲ್ಲಿ. ಬಿರಡೆ ಮಾಡುವುದು ಕಾರ್ಕ್ ಓಕ್ ಎಂಬ ಮರದ ತೊಗಟೆಯಿಂದ. ಅದು ಇಷ್ಟು ಹಗುರವೇಕೆ, ನೀರು ಕುಡಿಯದೆ ತೇಲುವುದೇಕೆ, ಒತ್ತಿದರೆ ಕುಗ್ಗಿ ಬಿಟ್ಟರೆ ಮತ್ತೆ ಹಿಗ್ಗುವುದೇಕೆ ಎಂಬುದು ಹುಕ್‌ನ ತಲೆಯಲ್ಲಿದ್ದ ಪ್ರಶ್ನೆ. ಕ್ಷೌರದ ಕತ್ತಿಯಷ್ಟು ಹರಿತ ಮಾಡಿದ ಚಾಕುವಿನಿಂದ ಮೊದಲು ಒಂದು ತುಂಡನ್ನು ಕೊಯ್ದು ಮೈ ನಯಗೊಳಿಸಿದ. ಮಸೂರದಡಿ ತುಸು ತೂತು ತೂತಾಗಿರುವಂತೆ ಅನುಮಾನ ಬಂತು, ಖಚಿತವಾಗಲಿಲ್ಲ. ಆಗ ಆ ನಯವಾದ ಮೈಯಿಂದ ತೀರಾ ತೆಳುವಾದ ಒಂದು ಪದರವನ್ನು ಕೊಯ್ದ. ಬಿರಡೆಯ ಬಣ್ಣ ತಿಳಿಯಾದ್ದರಿಂದ ಎದ್ದು ಕಾಣಲೆಂದು ಅದನ್ನು ಕಪ್ಪು ತಟ್ಟೆಯ ಮೇಲಿಟ್ಟ. ಒಂದು ಬದಿ ಚಪ್ಪಟೆ, ಒಂದು ಬದಿ ಉಬ್ಬಿದ ದಪ್ಪ ಮಸೂರದಿಂದ ಅದರ ಮೇಲೆ ಬೆಳಕು ಹಾಯಿಸಿದ. ಈಗ ಸಂಶಯ ಉಳಿಯಲಿಲ್ಲ. ಇಡೀ ತುಂಡು ಜೇನುಹುಟ್ಟಿನ ಹಾಗೆ ಖಾನೆ ಖಾನೆಯಾಗಿತ್ತು. ಖಾನೆಗಳು ಜೇನಿನವುಗಳಷ್ಟು ಅಚ್ಚುಕಟ್ಟಾಗಿರಲಿಲ್ಲ, ಗೋಡೆಗಳು ಮಾತ್ರ ಅಷ್ಟೇ ತೆಳು.

ನೋಡಿ ಬೆರಗಾಗಿ ಸುಮ್ಮನಾಗುವ ಜಾಯಮಾನ ಅವನದಲ್ಲ. ಎಣಿಸತೊಡಗಿದ. ಇಂಚಿನ ಹದಿನೆಂಟನೇ ಒಂದು ಭಾಗದಲ್ಲಿ ಸುಮಾರು 60 ಖಾನೆ. ಅಂದರೆ ಇಂಚಿಗೆ 1,080. ಚದರ ಇಂಚಿಗೆ 11,66,400. ಘನ ಇಂಚಿಗೆ 125 ಕೋಟಿ 97 ಲಕ್ಷ 12 ಸಾವಿರ. ಕಣ್ಣಾರೆ ಕಾಣದಿದ್ದರೆ ತಾನೇ ನಂಬುತ್ತಿರಲಿಲ್ಲ ಎಂಬ ಅರ್ಥದ ಮಾತನ್ನು ಹುಕ್ ಇಲ್ಲಿ ಸೇರಿಸಿದ್ದಾನೆ. ಮೂರು ಪ್ರಶ್ನೆಗೂ ಉತ್ತರ ಒಟ್ಟಿಗೇ ಸಿಕ್ಕಿತು. ಪುಟ್ಟ ಪುಟ್ಟ ಮುಚ್ಚಿದ ಖಾನೆಗಳಲ್ಲಿ ಗಾಳಿ ಸೆರೆಯಾಗಿದೆ, ಅದರಿಂದಲೇ ಹಗುರ, ಅದರಿಂದಲೇ ತೇಲುವುದು, ಅದರಿಂದಲೇ ಪುಟಿಯುವುದು. ಅವನ ಮಟ್ಟಿಗೆ ಕೆಲಸ ಮುಗಿಯಿತು. ಆ ಖಾನೆಗೆ ಅವನು ಇಟ್ಟ ‘ಸೆಲ್’ ಎಂಬ ಹೆಸರೇ ಇವತ್ತಿಗೂ ಉಳಿದಿದೆ.

ಅವನಿಗೆ ಕಂಡದ್ದು ಸತ್ತ ತೊಗಟೆಯ ಒಣಗೋಡೆಗಳು. ಗಜ್ಜರಿಯಲ್ಲಿ, ಜರೀಗಿಡದಲ್ಲಿ, ಇನ್ನೂ ಹಲವು ಗಿಡಗಳ ತಿರುಳಿನಲ್ಲಿ ಇಂಥದೇ ಖಾನೆಗಳನ್ನು ನೋಡಿದ, ಹಸಿ ಗಿಡದಲ್ಲಿ ಅವು ರಸ ತುಂಬಿಕೊಂಡಿರುವುದನ್ನೂ ಬರೆದಿಟ್ಟ. ಆದರೂ ಜೀವದ ಇಟ್ಟಿಗೆಯೇ ಇದು ಎಂಬ ಯೋಚನೆ ಅವನತ್ತ ಸುಳಿಯಲಿಲ್ಲ. ಅದನ್ನು ಹೇಳಲು 1838-39ರಲ್ಲಿ ಷ್ಲೈಡೆನ್ ಮತ್ತು ಶ್ವಾನ್ ಎಂಬ ವಿಜ್ಞಾನಿಗಳು ಬರಬೇಕಾಯಿತು, ನೂರೆಪ್ಪತ್ತು ವರ್ಷಗಳ ಮೇಲೆ. ಹುಕ್‌ನನ್ನು ಇದಕ್ಕಾಗಿ ದೂರುವಂತಿಲ್ಲ. ಬಿರಡೆ ಏಕೆ ತೇಲುತ್ತದೆ ಎಂದು ಕೇಳಿದವನಿಗೆ ಬಿರಡೆ ಏಕೆ ತೇಲುತ್ತದೆ ಎಂಬ ಉತ್ತರ ಸಿಕ್ಕಿತು.

ಪುಸ್ತಕದಲ್ಲಿ ನಮ್ಮ ಕಡೆಯ ಒಂದು ವಸ್ತುವೂ ಇದೆ. ಈಸ್ಟ್ ಇಂಡೀಸಿನಿಂದ ಬಂದ ಒಂದು ಕಾಯಿಯ ಮೇಲಿನ ರೋಮ, ಮೈಗೆ ತಗುಲಿದರೆ ವಿಪರೀತ ತುರಿಕೆ ಎಂದು ಹುಕ್ ವಿವರಿಸುತ್ತಾನೆ. ಮಲೆನಾಡಿನ ಓದುಗರಿಗೆ ಹೆಸರು ಹೇಳಬೇಕಾಗಿಲ್ಲ. ನಸುಗುನ್ನಿ. ಆ ರೋಮಗಳು ಮಸೂರದಡಿ ಸೂಜಿಯಂಥ ಮುಳ್ಳುಗಳಾಗಿ ಕಂಡವು. ಗಸಗಸೆಯನ್ನೂ ಅವನು ಬಿಟ್ಟಿಲ್ಲ. ಬರಿಗಣ್ಣಿಗೆ ಬರೀ ಬಿಳಿ ಧೂಳಿನಂತಿರುವ ಗಸಗಸೆಯ ಒಂದು ಕಾಳನ್ನು ಹತ್ತು ಪಟ್ಟು ಹಿಗ್ಗಿಸುವ ಯಾವುದೇ ಭೂತಗನ್ನಡಿಯಲ್ಲಿ ನೋಡಿ, ಮೂತ್ರಪಿಂಡದ ಆಕಾರ ಕಾಣುತ್ತದೆ, ಮೈಮೇಲೆಲ್ಲ ಬಲೆ ಹೊದಿಸಿದಂಥ ಏಣುಗಳು ಕಾಣುತ್ತವೆ. ಒಗಟಿನ ಫೋಟೊಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ಅಡುಗೆಮನೆಯಲ್ಲಿ ಮತ್ತೊಂದಿಲ್ಲ.

ಪುಸ್ತಕ ಬಿಸಿಬಿಸಿಯಾಗಿ ಖರ್ಚಾಯಿತು. ಮಡಚಿಟ್ಟ ಹಾಳೆ ಬಿಚ್ಚಿದರೆ ಸುಮಾರು ಒಂದೂವರೆ ಅಡಿ ಉದ್ದದ ಚಿಗಟ, ಮೈತುಂಬ ಕವಚ ತೊಟ್ಟುಕೊಂಡು ನಿಂತಿತ್ತು. ಸ್ಯಾಮ್ಯುಯೆಲ್ ಪೀಪ್ಸ್ ಎಂಬ ನೌಕಾಪಡೆಯ ಅಧಿಕಾರಿ 1665ರ ಜನವರಿಯ ಒಂದು ರಾತ್ರಿ ಎರಡು ಗಂಟೆಯವರೆಗೂ ಎದ್ದು ಕೂತು ಇದನ್ನು ಓದಿದೆನೆಂದು ದಿನಚರಿಯಲ್ಲಿ ಬರೆದುಕೊಂಡಿದ್ದಾನೆ. ಈ ಓದುಗರ ಗದ್ದಲದಲ್ಲಿ ಮುನ್ನುಡಿಯ ಒಂದು ಚಿಕ್ಕ ಸಂಗತಿ ಯಾರ ಕಣ್ಣಿಗೂ ದೊಡ್ಡದಾಗಿ ಕಂಡಂತಿಲ್ಲ. ವೆನಿಸ್ಸಿನ ತಿಳಿಗಾಜಿನ ಚೂರನ್ನು ದೀಪದ ಉರಿಯಲ್ಲಿ ಕಾಯಿಸಿ ಎಳೆಯಾಗಿ ಜಗ್ಗಿ, ಆ ಎಳೆಯ ತುದಿಯನ್ನು ಮತ್ತೆ ಉರಿಗೆ ಹಿಡಿದರೆ ಅದು ಕರಗಿ ಪುಟ್ಟ ಗುಂಡಾಗುತ್ತದೆ. ಆ ಗುಂಡೇ ಒಂದು ಮಸೂರ. ತಗಡಿನಲ್ಲಿ ಸೂಜಿಯಿಂದ ಚುಚ್ಚಿದ ತೂತಿಗೆ ಅದನ್ನು ಮೇಣದಿಂದ ಅಂಟಿಸಿ ಕಣ್ಣಿಗೆ ಹಿಡಿದರೆ ದೊಡ್ಡ ಸೂಕ್ಷ್ಮದರ್ಶಕಕ್ಕಿಂತ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಬಳಸುವುದು ಮಾತ್ರ ರೇಜಿಗೆಯ ಕೆಲಸ, ಅದಕ್ಕೇ ಬಿಟ್ಟೆ ಎಂದು ಹುಕ್ ಅಲ್ಲಿಗೆ ಕೈತೊಳೆದುಕೊಂಡ.

ಕತೆ ಇಲ್ಲಿಂದ ಹಾಲೆಂಡಿನ ಡೆಲ್ಫ್ಟ್ ಪಟ್ಟಣಕ್ಕೆ ಹೋಗುತ್ತದೆ. ಆಂಟನಿ ವಾನ್ ಲೇವನ್‌ಹಾಕ್ ಅಲ್ಲಿ ಬಟ್ಟೆ ವ್ಯಾಪಾರಿ. 1632ರಲ್ಲಿ ಹುಟ್ಟಿದವನು, ಅಪ್ಪನ ಕಸುಬು ಬುಟ್ಟಿ ಹೆಣೆಯುವುದು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಲಿಲ್ಲ, ಲ್ಯಾಟಿನ್ ಬರುತ್ತಿರಲಿಲ್ಲ. ನೂಲು ಎಷ್ಟು ಒತ್ತಾಗಿದೆ ಎಂದು ನೋಡಲು ಬಟ್ಟೆ ವ್ಯಾಪಾರಿಗಳು ಭೂತಗನ್ನಡಿ ಇಟ್ಟುಕೊಳ್ಳುವುದಿತ್ತು. 1660ರಲ್ಲಿ ಊರಿನ ಪುರಭವನದಲ್ಲಿ ಒಂದು ನೌಕರಿಯೂ ಸಿಕ್ಕಿ ಸಂಸಾರದ ಚಿಂತೆ ತಗ್ಗಿದ ಮೇಲೆ ಮಸೂರದ ಗೀಳು ಅಂಟಿಕೊಂಡಿತು. ಅವನು ಮಾಡಿಕೊಂಡ ಉಪಕರಣ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಒಂದರ ಮೇಲೊಂದಿಟ್ಟು ಬಡಿದು ಕೂಡಿಸಿದ ಎರಡು ಲೋಹದ ತಗಡು, ನಡುವೆ ಒಂದೇ ಒಂದು ಪುಟ್ಟ ಮಸೂರ, ನೋಡಬೇಕಾದ್ದನ್ನು ಚುಚ್ಚಿಡಲು ಒಂದು ಮೊನೆ, ಅದನ್ನು ಹಿಂದೆ ಮುಂದೆ ಸರಿಸಲು ತಿರುಪು. ಕಣ್ಣಿಗೆ ಒತ್ತಿ ಹಿಡಿದು ಬೆಳಕಿನತ್ತ ನೋಡಬೇಕು.

1673ರಲ್ಲಿ ಅದೇ ಊರಿನ ವೈದ್ಯ ರೆಗ್ನಿಯರ್ ಡಿ ಗ್ರಾಫ್ ಅವನ ಮೊದಲ ಬರಹವನ್ನು ರಾಯಲ್ ಸೊಸೈಟಿಗೆ ಮುಟ್ಟಿಸಿದ. ಅದರಲ್ಲಿದ್ದದ್ದು ಬೂಷ್ಟು, ಜೇನುನೊಣ, ಹೇನು. ಮೂರೂ ಹುಕ್‌ನ ಪುಸ್ತಕದಲ್ಲಿ ಆಗಲೇ ಬಂದಿದ್ದವು. ಸೊಸೈಟಿ ‘ಇನ್ನೂ ಬರೆಯಿರಿ’ ಎಂದಿತು. ಬರೆಯುತ್ತಲೇ ಹೋದ, ಐವತ್ತು ವರ್ಷ, ಸಾಯುವ ತನಕ, ತನ್ನ ಊರಿನ ಡಚ್ಚಿನಲ್ಲಿ.

1676ರಲ್ಲಿ ಅವನ ತಲೆ ಹೊಕ್ಕ ಪ್ರಶ್ನೆ: ಕರಿಮೆಣಸು ನಾಲಗೆಯನ್ನು ಚುರುಗುಟ್ಟಿಸುವುದೇಕೆ? ಮೊನಚು ರುಚಿಗೆ ಮೊನಚು ಕಣಗಳೇ ಕಾರಣ ಎಂಬ ಊಹೆ ಆ ಕಾಲದ ವಿದ್ವಾಂಸರಲ್ಲಿ ಓಡಾಡುತ್ತಿತ್ತು. ಹಾಗಿದ್ದರೆ ಮಸೂರದಡಿ ಆ ಮೊನೆಗಳು ಕಾಣಬೇಕಲ್ಲ? ಮೆಣಸು ಆಗ ಯುರೋಪಿನ ಅಡುಗೆಮನೆಗೆ ಸಾಮಾನ್ಯ ವಸ್ತು. ಅದರ ತವರು ನಮ್ಮ ಪಶ್ಚಿಮಘಟ್ಟ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಇದಕ್ಕೂ ಹಿಂದಿನ ಶತಮಾನದಲ್ಲಿ. ಲೇವನ್‌ಹಾಕ್ ಇಡೀ ಕಾಳುಗಳನ್ನು, ಔನ್ಸಿನ ಮೂರನೇ ಒಂದರಷ್ಟು, ನೀರಿನಲ್ಲಿ ನೆನೆಹಾಕಿದ. ಮೆತ್ತಗಾದರೆ ಬಿಡಿಸಿ ನೋಡುವುದು ಸುಲಭ ಎಂಬುದಷ್ಟೇ ಉದ್ದೇಶ. ನೀರು ಆರಿದಂತೆ ಕೂಡಿಟ್ಟ ಹಿಮದ ನೀರನ್ನು ಸುರಿಯುತ್ತ ಬಂದ. ಮೂರು ವಾರ ಕಳೆಯಿತು.

ಏಪ್ರಿಲಿನಲ್ಲಿ ಆ ನೀರಿನ ಒಂದು ಹನಿಯನ್ನು ನೋಡಿದಾಗ ಅದರೊಳಗೆ ಜೀವಿಗಳು ಓಡಾಡುತ್ತಿದ್ದವು. ಒಂದೆರಡಲ್ಲ, ಲೆಕ್ಕವಿಲ್ಲದಷ್ಟು. ಗಾತ್ರಕ್ಕೆ ತಕ್ಕಂತೆ ಅವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ. ಕೆರೆನೀರಿನಲ್ಲಿ, ಮಳೆನೀರಿನಲ್ಲಿ ಇಂಥ ಪುಟ್ಟ ಪ್ರಾಣಿಗಳನ್ನು ಅವನು ಹಿಂದಿನ ಎರಡು ವರ್ಷಗಳಲ್ಲೇ ಕಂಡಿದ್ದ. ಮೆಣಸಿನ ನೀರಿನ ನಾಲ್ಕನೇ ಬಗೆ ಮಾತ್ರ ಅವೆಲ್ಲಕ್ಕಿಂತ ಸಣ್ಣದು. ಇಂಥ ನೂರನ್ನು ಸಾಲಾಗಿ ಮಲಗಿಸಿದರೂ ಒಂದು ದಪ್ಪ ಮರಳುಕಣದ ಉದ್ದ ಆಗುವುದಿಲ್ಲ, ಹತ್ತು ಲಕ್ಷ ಕೂಡಿದರೂ ಆ ಮರಳುಕಣದ ಗಾತ್ರಕ್ಕೆ ಸಮನಾಗುವುದಿಲ್ಲ ಎಂದು ಬರೆದ. ಹುಕ್ ಅಳತೆಪಟ್ಟಿ ಇಟ್ಟುಕೊಂಡಂತೆ ಇವನು ಮರಳುಕಣ, ಕೂದಲು, ಹೇನಿನ ಕಣ್ಣು ಇವನ್ನೇ ಅಳತೆಗೋಲು ಮಾಡಿಕೊಂಡಿದ್ದ. ಆ ಅಳತೆ ಕೊಟ್ಟಿದ್ದರಿಂದಲೇ ಇಂದಿನವರು ಅವನಿಗೆ ಕಂಡದ್ದು ಬ್ಯಾಕ್ಟೀರಿಯ ಎಂದು ನಿಸ್ಸಂಶಯವಾಗಿ ಹೇಳಬಲ್ಲರು. ಬರೀ ಬೆರಗು ಬರೆದಿದ್ದರೆ ಅದು ಕಟ್ಟುಕತೆಗಳ ಸಾಲಿಗೆ ಸೇರುತ್ತಿತ್ತು.

ಅದೇ ವರ್ಷ ಜೂನಿನಲ್ಲಿ ಲಂಡನ್ನಿನಲ್ಲಿ ಒಂದು ನಾಟಕ ಓಡುತ್ತಿತ್ತು, ಥಾಮಸ್ ಷ್ಯಾಡ್‌ವೆಲ್ ಬರೆದ ‘ದಿ ವರ್ಚುವೋಸೊ’. ಅದರ ನಾಯಕ ಒಬ್ಬ ಅರೆಮರುಳ ವಿಜ್ಞಾನಿ. ವಿನೆಗರಿನ ಹುಳ ನೋಡುತ್ತ, ಅಂಥವೇ ಕೆಲಸಗಳಿಗೆ ಆಸ್ತಿ ಸುರಿಯುತ್ತ ಕೂರುವವನು. ಹುಕ್ ನಾಟಕ ನೋಡಲು ಹೋದ. ರಂಗದ ಮೇಲಿದ್ದದ್ದು ತಾನೇ ಎಂದು ಅವನಿಗೆ ಗೊತ್ತಾಯಿತು, ಸುತ್ತ ಕೂತವರಿಗೂ ಗೊತ್ತಾಯಿತು. ಅಂದಿನ ದಿನಚರಿ ಕುದಿಯುತ್ತದೆ. ಹೇನು, ಚಿಗಟ ನೋಡುವುದನ್ನು ಊರೇ ನಗುತ್ತಿದ್ದ ಹೊತ್ತಿನಲ್ಲಿ, ಅಕ್ಟೋಬರ್ 9ರ ತಾರೀಖು ಹೊತ್ತ ಲೇವನ್‌ಹಾಕ್‌ನ ಹದಿನೇಳೂವರೆ ಪುಟದ ಕಾಗದ ಬಂತು. ಮೆಣಸಿನ ನೀರಿನಲ್ಲಿ ಕಣ್ಣಿಗೆ ಕಾಣದ ಪ್ರಾಣಿಗಳ ಜಾತ್ರೆ ನೆರೆದಿದೆ ಎಂಬ ಸುದ್ದಿ ಅದರಲ್ಲಿತ್ತು.

ನಂಬುವವರು ಯಾರು? ಬೇರೆಯವರ ಸೂಕ್ಷ್ಮದರ್ಶಕದಲ್ಲಿ ಏನೂ ಕಾಣುತ್ತಿರಲಿಲ್ಲ. ಮಸೂರ ಮಾಡುವ ಗುಟ್ಟನ್ನಂತೂ ಲೇವನ್‌ಹಾಕ್ ಬಿಟ್ಟುಕೊಡಲು ತಯಾರಿರಲಿಲ್ಲ. ವ್ಯಾಪಾರಿಯ ಬುದ್ಧಿ. ಬದಲಿಗೆ ಪಾದ್ರಿಗಳು, ನೋಟರಿ ಸೇರಿದಂತೆ ಎಂಟು ಮಂದಿಯಿಂದ ‘ನಾವು ಕಣ್ಣಾರೆ ಕಂಡಿದ್ದೇವೆ’ ಎಂಬ ಪತ್ರ ಬರೆಸಿ ಕಳಿಸಿದ. ವಿಜ್ಞಾನದ ಸಂಗತಿಗೆ ಆಸ್ತಿಪತ್ರಕ್ಕೆ ಹಾಕಿಸುವಂತೆ ಸಾಕ್ಷಿ ಹಾಕಿಸಿದ್ದು ಈಗ ವಿನೋದವೆನಿಸಬಹುದು. ಬೇರೆ ದಾರಿ ಇರಲಿಲ್ಲ. ಕಂಡವನು ಒಬ್ಬನೇ ಆದರೆ ಅದು ಕನಸಿಗೆ ಸಮ.

ಕೊನೆಗೆ ಆ ಕೆಲಸ ಬಂದು ಬಿದ್ದದ್ದು ಹುಕ್‌ನ ತಲೆಗೇ. ಹನ್ನೆರಡು ವರ್ಷಗಳಿಂದ ಹೆಚ್ಚುಕಡಿಮೆ ಬದಿಗಿಟ್ಟಿದ್ದ ಸೂಕ್ಷ್ಮದರ್ಶಕವನ್ನು ಮತ್ತೆ ತೆಗೆದ, ಮೆಣಸು ನೆನೆಹಾಕಿದ. 1677ರ ನವೆಂಬರ್ 1ರ ಸಭೆಯಲ್ಲಿ ತೋರಿಸಲು ಹೋದ, ಕಾಣಲಿಲ್ಲ. 8ರಂದು ಮತ್ತೆ, ಆಗಲೂ ಇಲ್ಲ. ಉಪಕರಣವನ್ನು ಸುಧಾರಿಸಿದ, ನೀರನ್ನು ತೀರಾ ತೆಳುವಾದ ಗಾಜಿನ ನಳಿಕೆಗೆ ತುಂಬಿದ. 15ರಂದು ಕಂಡವು. ಈಜಾಡುತ್ತಿದ್ದವು, ಜೀವವಿದೆ ಎಂಬುದರಲ್ಲಿ ಅನುಮಾನವಿರಲಿಲ್ಲ. ನೋಡಿದವರಲ್ಲಿ ಸೇಂಟ್ ಪಾಲ್ ಚರ್ಚಿನ ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್ ಕೂಡ ಇದ್ದ. ಅಂದಿನಿಂದ ಲೇವನ್‌ಹಾಕ್‌ನ ಮಾತಿಗೆ ಬೆಲೆ ಬಂತು. 1680ರಲ್ಲಿ ಸೊಸೈಟಿ ಅವನನ್ನು ಸದಸ್ಯನನ್ನಾಗಿ ಆರಿಸಿಕೊಂಡಿತು. ನನ್ನ ಕೇಳಿದರೆ ಈ ಕತೆಯ ದೊಡ್ಡತನ ಹುಕ್‌ನದು. ಗುಟ್ಟು ಕೊಡದವನ ಮಾತನ್ನು ಸುಳ್ಳೆಂದು ತಳ್ಳಿಹಾಕುವುದು ಅವನಿಗೆ ಸುಲಭವಿತ್ತು. ಜಗಳಗಂಟ ಎಂದು ಹೆಸರಾದವನು, ನ್ಯೂಟನ್‌ನೊಡನೆ ಅವನ ಹಗೆ ಜಗತ್ಪ್ರಸಿದ್ಧ. ಇಲ್ಲಿ ಮಾತ್ರ ಎರಡು ಸಲ ಸೋತು ಮೂರನೇ ಸಲ ಇನ್ನೊಬ್ಬನ ಮಾತನ್ನು ನಿಜವೆಂದು ತೋರಿಸಿಕೊಟ್ಟ.

ಮೆಣಸು ಏಕೆ ಖಾರ ಎಂಬ ಪ್ರಶ್ನೆ? ಅದು ಹಾಗೇ ಉಳಿಯಿತು. ಮಸೂರ ಎಷ್ಟು ಹಿಗ್ಗಿಸಿದರೂ ಅದಕ್ಕೆ ಉತ್ತರ ಸಿಗುವಂತಿರಲಿಲ್ಲ. ಖಾರಕ್ಕೆ ಕಾರಣ ಮೊನೆಯಲ್ಲ, ಪಿಪರೀನ್ ಎಂಬ ರಾಸಾಯನಿಕ. 1819ರಲ್ಲಿ ಅದನ್ನು ಮೆಣಸಿನಿಂದ ಬೇರ್ಪಡಿಸಿದವನು ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್. ಮರುವರ್ಷ ವಿದ್ಯುತ್ತಿಗೂ ಅಯಸ್ಕಾಂತಕ್ಕೂ ಇರುವ ನಂಟನ್ನು ಕಂಡುಹಿಡಿದದ್ದೂ ಅವನೇ. ಕೆಂಡದ ಬಿಸಿಯನ್ನು ಗುರುತಿಸುವ ನರದ ಕದವನ್ನೇ ಪಿಪರೀನ್ ತಟ್ಟುವುದರಿಂದ ಮೆಣಸು ನಾಲಗೆಗೆ ಉರಿಯಾಗಿ ತೋರುತ್ತದೆ ಎಂಬುದು ತೀರಾ ಈಚಿನ ತಿಳಿವಳಿಕೆ.

ಲೇವನ್‌ಹಾಕ್ 1723ರಲ್ಲಿ, 90ರ ವಯಸ್ಸಿನಲ್ಲಿ ತೀರಿಕೊಂಡ. ಗುಟ್ಟು ಅವನ ಜೊತೆಗೇ ಹೋಯಿತು. ರಾಯಲ್ ಸೊಸೈಟಿಗೆ ಅವನು ಬಿಟ್ಟುಹೋದ 26 ಬೆಳ್ಳಿಯ ಸೂಕ್ಷ್ಮದರ್ಶಕಗಳು ಮುಂದೆ ಕಳೆದೇಹೋದವು. ಅವನು ಮಾಡಿದ ನೂರಾರು ಉಪಕರಣಗಳಲ್ಲಿ ಈಗ ಉಳಿದಿರುವುದು ಬೆರಳೆಣಿಕೆಯಷ್ಟು. ಅವುಗಳಲ್ಲಿ ಎಲ್ಲಕ್ಕಿಂತ ಶಕ್ತಿಯದು, ಸುಮಾರು 266 ಪಟ್ಟು ಹಿಗ್ಗಿಸುವುದು, ಯುಟ್ರೆಕ್ಟ್ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮಸೂರ ಎರಡು ತಗಡುಗಳ ನಡುವೆ ಹೂತಿದೆ. ಬಿಚ್ಚಿದರೆ ಉಪಕರಣ ಹಾಳು, ಹೊರಗಿನಿಂದ ಕಾಣುವುದು ಒಂದು ಚುಕ್ಕೆಯಷ್ಟು ಗಾಜು. ಅಷ್ಟು ಒಳ್ಳೆಯ ಮಸೂರವನ್ನು ಅವನು ಹೇಗೆ ಮಾಡಿರಬಹುದೆಂದು ಮುನ್ನೂರು ವರ್ಷ ವಿದ್ವಾಂಸರು ಬಗೆಬಗೆಯಾಗಿ ಊಹಿಸಿದರು.

ಲೋಹವನ್ನು ದಾಟಿಹೋಗುವ ನ್ಯೂಟ್ರಾನ್‌ಗಳಿಂದ ಆ ಉಪಕರಣದ ಒಳಚಿತ್ರ ತೆಗೆದದ್ದು ಅವನ ಊರಾದ ಡೆಲ್ಫ್ಟಿನ ಪರಮಾಣು ರಿಯಾಕ್ಟರಿನಲ್ಲೇ. ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಲೈಡನ್ನಿನಲ್ಲಿರುವ ಇನ್ನೊಂದು ಸೂಕ್ಷ್ಮದರ್ಶಕದ ಮಸೂರ ಉಜ್ಜಿ ನಯ ಮಾಡಿದ್ದು. ಯುಟ್ರೆಕ್ಟಿನದು ಹಾಗಲ್ಲ, ಬೆಂಕಿಯಲ್ಲಿ ಕರಗಿಸಿದ ಗಾಜಿನ ಗುಂಡು. ಎಳೆ ಮುರಿದ ಜಾಗದಲ್ಲಿ ಚಿಕ್ಕ ತೊಟ್ಟು ಇನ್ನೂ ಅದಕ್ಕೆ ಅಂಟಿಕೊಂಡಿದೆ. ಹುಕ್ 1665ರ ಮುನ್ನುಡಿಯಲ್ಲೂ 1678ರ ಪುಸ್ತಕದಲ್ಲೂ ಯಾರು ಬೇಕಾದರೂ ಓದಿಕೊಳ್ಳುವಂತೆ ಅಚ್ಚು ಹಾಕಿಸಿದ್ದು ಇಂಥ ಗುಂಡು ಮಾಡುವ ವಿಧಾನವನ್ನೇ.